ರಸೀದಿ ನಂಬರ್ ೨೧೨: ಕಪ್ ಒಂದು

ಮಾರ್ಚ್ ಆರನೆಯ ತಾರೀಕು ಶುಕ್ರವಾರ, ಸಂಜೆ ಆರು ಗಂಟೆ ನಲವತ್ತೊಂದು ನಿಮಿಷಕ್ಕೆ ನಾನು ತುಂಬಿದ ಸಭೆಯೊಂದರಲ್ಲಿ ಎದ್ದು ನಿಂತು, ಒಬ್ಬ ಹಿರಿಯ ಲೇಖಕಿಗೆ ಒಂದು ಸಭ್ಯವಾದ ಪ್ರಶ್ನೆ ಕೇಳಿದೆ. ಮುಂದಿನ ಹದಿನೈದು ದಿನಗಳಲ್ಲಿ ನನ್ನ ಮೇಲೆ ದಬ್ಬಾಳಿಕೆ, ಪುಸ್ತಕದ್ವೇಷ, ಸತ್ತುಹೋದ ಅತ್ತೆಯೊಬ್ಬರ ನೆನಪಿಗೆ ಅಪಚಾರ ಎಂದು ಏನೇನೋ ಆರೋಪಗಳು ಬಂದವು. ಒಂದೂ ನಿಜವಲ್ಲ. ನಾನು ಕೇಳಿದ್ದು ಇಷ್ಟು:

"ಮೇಡಂ, ನಿಮ್ಮ ಒಂದು ಕಪ್ ಅಂದರೆ ಎಷ್ಟು ಮಿಲಿಲೀಟರ್?"

ಯಾಕೆ ಕೇಳಿದೆ ಎಂದು ಹೇಳಬೇಕು. ನಾವು ಮೂವರು ಗೆಳೆಯರು: ಒಬ್ಬ ದಂತವೈದ್ಯ, ಒಬ್ಬ ಡ್ರಾಯಿಂಗ್ ಮೇಷ್ಟ್ರು, ಮತ್ತು ನಾನು. ನಮ್ಮ ಪೇಟೆಯ ಪುಸ್ತಕದಂಗಡಿಯಲ್ಲಿ ಯಾವ ಅಡುಗೆ ಪುಸ್ತಕ ಬಿಡುಗಡೆಯಾದರೂ ಮೂವರೂ ಹೋಗುತ್ತೇವೆ. ಲೇಖಕರ ಮಾತು ಕೇಳುತ್ತೇವೆ, ಮೂವರೂ ಸೇರಿ ಒಂದು ಪ್ರತಿ ಕೊಳ್ಳುತ್ತೇವೆ. ಎರಡು ವಾರ ಕಳೆದ ಮೇಲಿನ ಶನಿವಾರ, ಸರದಿ ಬಂದವನು ಆ ಪುಸ್ತಕ ನೋಡಿ ಅಡುಗೆ ಮಾಡಬೇಕು, ಉಳಿದವರು ಉಣ್ಣಬೇಕು. ನಿಯಮ ಒಂದೇ: ಪುಸ್ತಕದಲ್ಲಿ ಏನಿದೆಯೋ ಅದೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂಬತ್ತು ವರ್ಷದಿಂದ ಹೀಗೆ ನಡೆದುಬಂದಿದೆ.

ನನ್ನ ಹಿಂದಿನ ಎರಡು ಸರದಿಗಳ ಬಗ್ಗೆ ಊರೆಲ್ಲ ಮಾತಾಡಿಯಾಗಿದೆ, ಆದ್ದರಿಂದ ನಾನೂ ಮುಚ್ಚಿಡುವುದಿಲ್ಲ. ಮೊದಲನೆಯದು ಕೇಕ್. ಅದರ ಒಂದು ತುಂಡು ಈಗಲೂ ದಂತವೈದ್ಯನ ಮೇಜಿನ ಮೇಲಿದೆ. ಗಟ್ಟಿ ಪದಾರ್ಥ ಕಚ್ಚಿದರೆ ಏನಾಗುತ್ತದೆ ಎಂದು ರೋಗಿಗಳಿಗೆ ತೋರಿಸಲು ಅವನು ಅದನ್ನು ಬಳಸುತ್ತಾನೆ. ಎರಡನೆಯದು ಹಾಲಿನ ಪಾಯಸದಂಥದ್ದೇನೋ. ಅದನ್ನು ಮೇಷ್ಟ್ರು ಗ್ಲಾಸಿನಲ್ಲಿ ಹಾಕಿ ಕುಡಿದು, "ಚೆನ್ನಾಗಿ ತೊಳೆದಿದ್ದೀಯ ಪಾತ್ರೆ" ಅಂದರು. ಎರಡು ಸಲವೂ ನಾನು ಪುಸ್ತಕದಲ್ಲಿದ್ದಂತೆಯೇ ಮಾಡಿದ್ದೆ. ಪುಸ್ತಕ ಒಂದು ಕಪ್ ಎಂದರೆ ಇನ್ನೂರೈವತ್ತು ಮಿಲಿಲೀಟರಿನ ಬೀಕರಿನಲ್ಲಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿ ನೋಡಿ ಸುರಿದಿದ್ದೆ. ತಪ್ಪು ಎಲ್ಲಿದೆ? ಅವರ ಕಪ್ಪಿನಲ್ಲಿ! ಯಾರ ಮನೆಯ ಯಾವ ಕಪ್ಪೋ, ಯಾರಿಗೆ ಗೊತ್ತು? ಮುದ್ರಣ ಯಂತ್ರ ಬಂದು ಇಷ್ಟು ಶತಮಾನವಾದ ಮೇಲೂ ಮನುಷ್ಯರು ಹೀಗೆ ಬರೆಯುತ್ತಾರೆಂದರೆ ನನಗೆ ಮೈ ಉರಿಯುತ್ತದೆ.

ನಾನು ಅಳತೆ-ತೂಕ ಇಲಾಖೆಯ ಪ್ರಯೋಗಾಲಯದಲ್ಲಿ ಹಿರಿಯ ಸಹಾಯಕ. ಜನ ತಂದುಕೊಟ್ಟ ಲೀಟರು, ತೂಕದ ಬಟ್ಟು, ಅಳತೆಪಟ್ಟಿಗಳು ಸರಿಯಿವೆಯೇ ಎಂದು ನೋಡಿ ಕೊಡುವುದು ನನ್ನ ಕೆಲಸ. ಅಂಗಡಿಗೆ ನುಗ್ಗುವುದು, ತಕ್ಕಡಿ ಕಿತ್ತುಕೊಳ್ಳುವುದು ಇನ್‌ಸ್ಪೆಕ್ಟರುಗಳ ಕೆಲಸ. ಅವರದು ಬೇರೆ ಮಹಡಿ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ. ನಮ್ಮ ಬೀದಿಯವರು ಯಾರೂ ನೆನಪಿಡಲಿಲ್ಲ.

ಆ ಸಂಜೆ ವೇದಿಕೆಯ ಮೇಲೆ ಲೇಖಕಿ ಹಸಿರು ಅಂಚಿನ ಒಂದು ಬಿಳಿ ಪಿಂಗಾಣಿ ಕಪ್ಪನ್ನು ಎತ್ತಿ ಹಿಡಿದು, "ಈ ಪುಸ್ತಕದ ನೂರಾ ಹದಿನಾಲ್ಕು ಅಡುಗೆಗೂ ಒಂದೇ ಅಳತೆ. ಇದು!" ಎಂದರು. ಚಪ್ಪಾಳೆ ಬಿತ್ತು. ಆಗ ನಾನು ಎದ್ದೆ, ಕೇಳಿದೆ.

"ಒಂದು ಕಪ್ ಅಂದರೆ ಒಂದು ಕಪ್ ಸ್ವಾಮಿ," ಎಂದರು ಲೇಖಕಿ. "ನಿಮ್ಮನೇಲಿ ಮುಕ್ಕಾಲಕ್ಕೆ ಒಂದು ಅಂತಾರಾ?"

ಸಭೆ ನಕ್ಕಿತು. ನಗುವಿನಲ್ಲಿ ದಂತವೈದ್ಯನದೂ ಮೇಷ್ಟ್ರದೂ ಇತ್ತು. ಒಂಬತ್ತು ವರ್ಷದ ಗೆಳೆತನದಲ್ಲಿ ಅವರ ನಗು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ.

ನಾನು ಬಿಡಲಿಲ್ಲ. "ಹಸಿರು ಗೆರೆಯವರೆಗೋ, ತುಂಬಿ ತುಳುಕುವವರೆಗೋ? ಅದನ್ನಾದರೂ ಹೇಳಿ."

"ಕೂತ್ಕೊಳ್ಳಿ ಸ್ವಾಮಿ, ಹಿಂದಿನವರಿಗೆ ಕಾಣಿಸ್ತಾ ಇಲ್ಲ."

ಕೂತೆ. ಆದರೆ ನನ್ನೊಳಗಿನ ವಿಜ್ಞಾನ ಕೂರಲಿಲ್ಲ.

ಸಭೆ ಮುಗಿದು ಲೇಖಕಿ ಸಹಿ ಹಾಕತೊಡಗಿದಾಗ, ವೇದಿಕೆಯ ಮೇಜಿನ ಮೇಲೆ ಕಪ್ ಒಂಟಿಯಾಗಿ ಕೂತಿತ್ತು. ಒಂದು ದಿನದ ಮಟ್ಟಿಗೆ ಸಿಕ್ಕರೆ ಸಾಕು. ಇಪ್ಪತ್ತು ಡಿಗ್ರಿಯ ಶುದ್ಧ ನೀರು ತುಂಬಿ, ತೂಕ ಮಾಡಿ, ಗಾತ್ರ ತಿಳಿದುಕೊಂಡು ವಾಪಸು ಕೊಡಬಹುದು. ಸರದಿ ನನ್ನದೇ, ಈ ಸಲ ಯಾರೂ ನಗದ ಹಾಗೆ ಮಾಡಬಹುದು. ಅಂಗಡಿಯ ಮಾಲೀಕರ ಹತ್ತಿರ ಹೋಗಿ, "ಈ ಕಪ್ಪನ್ನು ಪರೀಕ್ಷೆಗೆ ಒಯ್ಯಬೇಕಾಗಿತ್ತು, ಲೇಖಕಿಯವರನ್ನು ಒಂದು ಮಾತು ಕೇಳ್ತೀರಾ?" ಎಂದೆ.

ಕೆಲಸ ಮುಗಿಸಿ ನೇರವಾಗಿ ಬಂದಿದ್ದರಿಂದ ಇಲಾಖೆಯ ಗುರುತಿನ ಚೀಟಿ ಕೊರಳಲ್ಲೇ ಇತ್ತು. ತೆಗೆದು ಜೇಬಿನಲ್ಲಿ ಇಡಬಹುದಾಗಿತ್ತು, ಇಡಲಿಲ್ಲ. ಸಭೆ ಸಮಾರಂಭಗಳಲ್ಲಿ ಅದು ಎದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಮಾಲೀಕರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಪುಸ್ತಕದ ಕಟ್ಟು ತೂಗುವ ತಮ್ಮ ಹಳೆಯ ತಕ್ಕಡಿಯ ಮೇಲೆ ಒಂದು ದಿನಪತ್ರಿಕೆ ಎಳೆದು ಮುಚ್ಚಿದರು.

"ಕೇಳೋದೇನು ಸಾರ್, ತಗೊಂಡು ಹೋಗಿ. ಕಾಫಿ ತರಿಸ್ಲಾ?"

"ಬೇಡ. ಆದರೆ ಹಾಗೇ ಒಯ್ಯುವುದು ನನ್ನ ಪದ್ಧತಿಯಲ್ಲ," ಎಂದು ಚೀಲದಿಂದ ರಸೀದಿ ಪುಸ್ತಕ ತೆಗೆದೆ. ಬೇರೆ ಕಾಗದ ನನ್ನ ಹತ್ತಿರ ಇರಲಿಲ್ಲ. ಇಲಾಖೆಯ ರಸೀದಿ ಪುಸ್ತಕವಿತ್ತು, ಅದರ ಮೊಹರು ಮೊದಲೇ ಒತ್ತಿತ್ತು. ಬರೆದೆ: 'ನಂಬರ್ ೨೧೨. ಪರೀಕ್ಷೆಗಾಗಿ ಪಡೆದ ವಸ್ತು: ಕಪ್ ಒಂದು. ಸ್ಥಿತಿ: ಹಿಡಿಯ ಬಳಿ ಕೂದಲೆಳೆಯಷ್ಟು ಬಿರುಕು.' ಮೂರು ಪ್ರತಿ. ಮೊದಲ ಪ್ರತಿ ಮಾಲೀಕರ ಕೈಗೆ ಕೊಟ್ಟೆ. ಇದಕ್ಕಿಂತ ಪ್ರಾಮಾಣಿಕವಾಗಿ ಒಂದು ಕಪ್ಪನ್ನು ಈ ಭೂಮಿಯ ಮೇಲೆ ಯಾರೂ ಕೇಳಿ ಪಡೆದಿರಲಾರರು.

ಪಿಂಗಾಣಿಯನ್ನು ನೂಕುನುಗ್ಗಲಿನ ಬಸ್ಸಿನಲ್ಲಿ ಒಯ್ಯುವುದು ಅವಿವೇಕ. ಎರಡು ಬೀದಿ ಆಚೆಯ ಪ್ರಯೋಗಾಲಯಕ್ಕೆ ಹೋಗಿ, ಎರಡನೆಯ ಪ್ರತಿಯನ್ನು ಕಪ್ಪಿನ ಹಿಡಿಗೆ ದಾರದಿಂದ ಕಟ್ಟಿ ನನ್ನ ಡ್ರಾಯರಿನಲ್ಲಿಟ್ಟು ಮನೆಗೆ ಹೋದೆ.

ಸೋಮವಾರ ಬೆಳಗ್ಗೆ ಒಂಬತ್ತೂ ಐದಕ್ಕೆ ಡ್ರಾಯರ್ ಎಳೆದರೆ ಕಪ್ ಇಲ್ಲ.

ನಮ್ಮ ಉಗ್ರಾಣದ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು. ಸೋಮವಾರ ಎಂಟಕ್ಕೇ ಬಂದು ಎಲ್ಲರ ಡ್ರಾಯರನ್ನೂ ಎಳೆದು, ಚೀಟಿ ಕಟ್ಟಿದ ವಸ್ತುಗಳನ್ನು ಒಯ್ದು ದೊಡ್ಡ ರಿಜಿಸ್ಟರಿನಲ್ಲಿ ಏರಿಸಿ ಬೀಗ ಹಾಕುವುದು ಅವರ ರೂಢಿ.

"ಗುಮಾಸ್ತರೇ, ಆ ಕಪ್ ನನ್ನದು. ಅಂದರೆ ನನ್ನದಲ್ಲ. ಕೊಡಿ, ಐದು ನಿಮಿಷದ ಕೆಲಸ."

"ಇನ್ನೂರ ಹನ್ನೆರಡಾ? ಅದು ಆಗಲೇ ರಿಜಿಸ್ಟರು ಸೇರಿದೆ." ಅವರು ಕನ್ನಡಕ ಏರಿಸಿದರು. "ಪರೀಕ್ಷೆ ಮಾಡಬೇಕಾದರೆ ಅದರ ಮೇಲೆ ಇಷ್ಟು ಮಿಲಿಲೀಟರ್ ಅಂತ ಗುರುತು ಇರಬೇಕು. ಗುರುತಿದ್ದರೆ ತಾನೆ ಸರಿಯೋ ತಪ್ಪೋ ಅನ್ನೋದು? ಇದರ ಮೇಲೆ ಏನಿದೆ? ಹಸಿರು ಗೆರೆ."

"ಗುರುತು ಇಲ್ಲ ಅಂತಲೇ ನಾನು ತಂದದ್ದು!"

"ಹಾಗಾದರೆ ಅದು ಗುರುತಿಲ್ಲದ ಅಳತೆ. ಗುರುತಿಲ್ಲದ ಅಳತೆಯನ್ನ ಏನು ಮಾಡ್ತೀವಿ, ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆ, ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿತ್ತು. ತಿಂಗಳ ಕೊನೆಯ ಕೆಲಸದ ದಿನ, ಹಿತ್ತಲಿನ ಕಬ್ಬಿಣದ ಒತ್ತುಯಂತ್ರದ ಕೆಳಗೆ ಇಟ್ಟು ಪುಡಿ ಮಾಡುತ್ತೇವೆ. ಸುಳ್ಳು ಲೀಟರುಗಳಿಗಾಗಿ ಮಾಡಿದ ನಿಯಮ ಅದು. ಮಾರ್ಚ್ ಮೂವತ್ತೊಂದಕ್ಕೆ ಅದರ ಕೆಳಗೆ ಹಸಿರು ಅಂಚಿನ ಆ ಕಪ್ ಕೂರಲಿತ್ತು.

ಅಷ್ಟರಲ್ಲಿ ರಸೀದಿಯ ಮೊದಲ ಪ್ರತಿ ತನ್ನ ಕೆಲಸ ಶುರುಮಾಡಿತ್ತು. ಅಂಗಡಿಯ ಮಾಲೀಕರು ಅದನ್ನು ಲೇಖಕಿಗೆ ಕೊಟ್ಟಿದ್ದರು, ಲೇಖಕಿ ಪ್ರಕಾಶಕರಿಗೆ ತೋರಿಸಿದ್ದರು. ಮೊಹರು ನೋಡಿದ ಪ್ರಕಾಶಕರು ಇಲಾಖೆಯಿಂದ ಸ್ಪಷ್ಟನೆ ಬರುವವರೆಗೆ ಪುಸ್ತಕ ಮಾರಬಾರದೆಂದು ಅಂಗಡಿಗಳಿಗೆ ಫೋನು ಮಾಡಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಮ್ಮಲ್ಲಿ ಅವರು ಸಂಜೆ ಪತ್ರಿಕೆ ನಡೆಸುತ್ತಾರೆ. ಮಂಗಳವಾರದ ಮುಖಪುಟದಲ್ಲಿ ಹೀಗಿತ್ತು: 'ಅಡುಗೆಮನೆಗೂ ನುಗ್ಗಿದ ಇಲಾಖೆ! ಲೇಖಕಿಯ ಕಪ್ ಜಪ್ತಿ!' ಜೊತೆಗೆ ಸಭೆಯಲ್ಲಿ ತೆಗೆದ ನನ್ನ ಫೋಟೊ. ಬಾಯಿ ತೆರೆದಿತ್ತು, ಬೆರಳು ಮೇಲೆದ್ದಿತ್ತು. ಕೇಳಿದ್ದು ಮಿಲಿಲೀಟರ್, ಫೋಟೊ ನೋಡಿದರೆ ನೇಣಿಗೆ ಹಾಕಿ ಎಂದು ಕೂಗಿದ ಹಾಗಿತ್ತು.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿಯವನು ನನ್ನನ್ನು ಕಂಡು ಎದ್ದು ನಿಂತ. ಹನ್ನೊಂದು ವರ್ಷದಲ್ಲಿ ಅವನ ಸೊಂಟದ ಕೆಳಭಾಗವನ್ನು ನಾನು ನೋಡಿದ್ದು ಅದೇ ಮೊದಲು.

"ಸಾರ್, ಸಕ್ಕರೆ ಒಂದು ಕಿಲೊ ತಾನೆ? ತಗೊಳ್ಳಿ," ಎಂದು ತೂಗಿ, ಮೇಲೆ ಇನ್ನೊಂದು ಹಿಡಿ ಸುರಿದ. ನನ್ನ ಮುಖ ನೋಡಿ ಮತ್ತೊಂದು ಹಿಡಿ ಸುರಿದ.

"ಏನಯ್ಯಾ ಇದು? ಒಂದು ಕಿಲೊ ಅಂದರೆ ಒಂದು ಕಿಲೊ ಕೊಡು. ಹೆಚ್ಚು ಕೊಡುವುದೂ ತಪ್ಪು ಅಳತೆಯೇ!"

ಅವನ ಮುಖ ಬಿಳಿಚಿಕೊಂಡಿತು. "ಅದಕ್ಕೂ ಕೇಸ್ ಇದೆಯಾ ಸಾರ್?"

ಮನೆಯ ಮೆಟ್ಟಿಲ ಮೇಲೆ ಎದುರು ಮನೆಯ ದರ್ಜಿ ಕಾಯುತ್ತಿದ್ದ. ಕೈಯಲ್ಲಿ ಟೇಪು ಸುರುಳಿ ಸುತ್ತಿಕೊಂಡು, ಹಾವು ಹಿಡಿದವನ ಹಾಗೆ ನಿಂತಿದ್ದ. "ನೀವು ಬಂದು ತಗೊಳ್ಳೋದಕ್ಕಿಂತ ನಾನೇ ತಂದುಕೊಟ್ಟರೆ ಮರ್ಯಾದೆ ಅಂತ ಬಂದೆ ಸಾರ್. ಹಳೇ ಟೇಪು, ಸ್ವಲ್ಪ ಎಳೆದಿದೆ. ಬೇಕು ಅಂತ ಎಳೆದಿದ್ದಲ್ಲ."

"ನಾನು ಇನ್‌ಸ್ಪೆಕ್ಟರ್ ಅಲ್ಲ ಮಾರಾಯ! ಒಂದು ನೊಣವನ್ನು ಜಪ್ತಿ ಮಾಡುವ ಅಧಿಕಾರವೂ ನನಗಿಲ್ಲ!"

"ಎಲ್ಲ ದೊಡ್ಡವರೂ ಹೀಗೇ ಹೇಳೋದು," ಎಂದು ಅವನು ಟೇಪನ್ನು ನನ್ನ ಚಪ್ಪಲಿಯ ಪಕ್ಕ ಇಟ್ಟು ಓಡಿದ. ಹೋದ ವರ್ಷ ಅವನು ಹೊಲಿದುಕೊಟ್ಟ ಪ್ಯಾಂಟು ಯಾಕೆ ಬಿಗಿಯಾಯಿತೆಂದು ಆಗ ತಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಂದೇ ಬೀದಿಯಲ್ಲಿ ಇಷ್ಟು ಜನ ಇರುತ್ತಾರೆಂದು ನಾನು ಎಣಿಸಿರಲಿಲ್ಲ.

ಒಳಗೆ ನನ್ನ ಹೆಂಡತಿ ಫೋನಿನಲ್ಲಿ ತನ್ನ ತಾಯಿಗೆ ಸಮಾಧಾನ ಹೇಳುತ್ತಿದ್ದಳು. "ಇಲ್ಲಮ್ಮಾ, ನಿನ್ನ ಅಕ್ಕಿ ಡಬ್ಬದ ಲೋಟ ತಗೊಂಡು ಹೋಗಲ್ಲ ಅವರು. ಹೂಂ, ಬಚ್ಚಿಡು, ಬಚ್ಚಿಟ್ಟರೆ ಏನೂ ತಪ್ಪಿಲ್ಲ."

ಬುಧವಾರ ಬೆಳಗ್ಗೆ ಏಳೂಕಾಲಿಗೆ ಲೇಖಕಿ ಸ್ವತಃ ನಮ್ಮ ಮನೆಗೆ ಬಂದರು. ರಸೀದಿಯನ್ನು ಎರಡು ಬೆರಳಲ್ಲಿ, ಮೈಯಿಂದ ದೂರ ಹಿಡಿದಿದ್ದರು.

"ಎಲ್ರೀ ನನ್ನ ಕಪ್?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಡ್ರಾಯರು, ಗುಮಾಸ್ತರು, ರಿಜಿಸ್ಟರು, ಮೂವತ್ತೊಂದನೆಯ ತಾರೀಕು, ಒತ್ತುಯಂತ್ರ. ಒತ್ತುಯಂತ್ರ ಎಂಬ ಮಾತಿಗೆ ಅವರು ಕುರ್ಚಿ ಹುಡುಕಿಕೊಂಡು ಕೂತರು.

"ಅದು ನಮ್ಮತ್ತೆಯ ಕಪ್ ಸ್ವಾಮಿ," ಎಂದರು. ದನಿ ತಗ್ಗಿತ್ತು. "ನನ್ನ ಕೈಗೆ ಹದ ಅನ್ನೋದೇ ಇರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷ ಉಪ್ಪು ಹೆಚ್ಚು, ಇಲ್ಲಾಂದ್ರೆ ಸಪ್ಪೆ. ಹನ್ನೆರಡು ವರ್ಷವೂ ಬೈದರು. ಕೊನೆಗೆ ಒಂದು ದಿನ ಈ ಕಪ್ ಕೈಗೆ ಕೊಟ್ಟು, 'ತಗೋ, ನಿನಗೆ ಕಣ್ಣಿಲ್ಲ ಕೈಯಿಲ್ಲ, ಇದೇ ನಿನ್ನ ಕಣ್ಣು ಕೈ' ಅಂದರು. ಆಮೇಲೆ ಬೈಯಲಿಲ್ಲ. ಅವರು ನನಗೆ ಕೊಟ್ಟ ವಸ್ತು ಅಂತ ಇರೋದು ಅದೊಂದೇ. ಇವತ್ತಿಗೂ ಅದು ಕೈಯಲ್ಲಿಲ್ಲದೆ ನನಗೆ ಒಂದು ಪಾತ್ರೆ ಸೂಪು ಮಾಡೋಕೆ ಬರಲ್ಲ. ಈ ಮಾತು ಹೊರಗೆ ಯಾರಿಗೂ ಹೇಳಿಲ್ಲ, ನೂರಾ ಹದಿನಾಲ್ಕು ಅಡುಗೆಯ ಪುಸ್ತಕ ಬರೆದವಳು ನಾನು."

ನನ್ನ ಹೆಂಡತಿ ಅವರಿಗೆ ಚಹಾ ಕೊಟ್ಟು ಪಕ್ಕದಲ್ಲೇ ಕೂತಳು. "ಇವರು ಯಾವಾಗಲೂ ಹೀಗೇ ಅಕ್ಕಾ. ಹೊಸದರಲ್ಲಿ ನಾನು ಅತ್ತರೆ ಕಣ್ಣೀರು ಎಷ್ಟು ಬಂತು ಅಂತ ನೋಡ್ತಿದ್ದರು."

ಇದು ಶುದ್ಧ ಸುಳ್ಳು. ಅವಳು ಅತ್ತದ್ದು ಒಂದೇ ಸಲ, ಆಗ ನನ್ನ ಹತ್ತಿರ ಸಲಕರಣೆ ಇರಲಿಲ್ಲ. ಆದರೆ ನನ್ನ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರಿದ್ದರು? ಕಪ್ ವಾಪಸು ತಂದುಕೊಡುತ್ತೇನೆ ಎಂದು ಇಬ್ಬರ ಮುಂದೆ ಮಾತು ಕೊಟ್ಟೆ.

ಹತ್ತು ಗಂಟೆಗೆ ನಮ್ಮ ನಿರ್ದೇಶಕರ ಕೋಣೆಯಲ್ಲಿದ್ದೆ. ಅವರು ನಿಯಮದ ಮನುಷ್ಯ. ಸೀನು ಬಂದರೂ ಯಾವ ಕಲಮಿನ ಅಡಿ ಎಂದು ಯೋಚಿಸಿ ಸೀನುತ್ತಾರೆ.

"ಸಾರ್, ಆ ಕಪ್ ನನ್ನ ಸ್ವಂತ ಕುತೂಹಲಕ್ಕೆ ತಂದದ್ದು."

"ಸ್ವಂತ ಕುತೂಹಲಕ್ಕೆ ಇಲಾಖೆಯ ರಸೀದಿಯೇ? ಹಾಗಾದರೆ ಎರಡು ಫೈಲು ತೆರೆಯಬೇಕಾಗುತ್ತದೆ. ಒಂದು ಕಪ್ಪಿನದು, ಇನ್ನೊಂದು ನಿಮ್ಮದು. ಆದರೂ ಕಪ್ ಹೊರಗೆ ಹೋಗುವುದಿಲ್ಲ."

"ಹಾಗಾದರೆ ನಾನು ಏನೂ ಹೇಳಲಿಲ್ಲ ಸಾರ್."

"ನಾನೂ ಏನೂ ಕೇಳಲಿಲ್ಲ." ಅವರು ನಿಯಮಾವಳಿ ತೆರೆದರು. "ನಿಯಮ ಹದಿನೇಳು, ಉಪನಿಯಮ ಮೂರು. ಕುಡಿಯಲು ಬಳಸುವ ಪಾತ್ರೆಗಳು ಅಳತೆ ಸಾಧನಗಳಲ್ಲ. ಆದರೆ ಆ ಹೆಂಗಸು ತುಂಬಿದ ಸಭೆಯಲ್ಲಿ ಇದೇ ನನ್ನ ಅಳತೆ ಎಂದು ಸಾರಿದ್ದಾರೆ. ಪುಸ್ತಕದ ಆರನೆಯ ಪುಟದಲ್ಲಿ ಫೋಟೊ ಸಮೇತ ಅಚ್ಚಾಗಿದೆ."

"ಲೇಖಕರು ಉತ್ಪ್ರೇಕ್ಷೆ ಮಾಡುತ್ತಾರೆ ಸಾರ್."

"ವಾಸ್ತವ ಬಳಕೆ ನೋಡಬೇಕು. ಅವರು ಅಡುಗೆ ಮಾಡಲಿ. ಪಕ್ಕದಲ್ಲಿ ಕಪ್ ಇರಲಿ. ಅದರಲ್ಲಿ ಅವರು ಚಹಾ ಕುಡಿಯಲಿ, ಅಳೆಯದಿರಲಿ. ಆ ಕಪ್ಪಿಲ್ಲದೆ ಅಡುಗೆ ಸಾಗುತ್ತದೆಂದು ನನಗೆ ಮನದಟ್ಟಾದರೆ ಬಿಡುಗಡೆ. ಒಂದು ಸಲ ಅದರಿಂದ ಅಳೆದರೂ, ಅಳೆಯಬೇಕಾಗಿತ್ತು ಎಂಬ ಮಾತು ಬಂದರೂ, ಅದು ಅಳತೆ, ಪುಡಿ."

ಇಪ್ಪತ್ತೊಂದನೆಯ ತಾರೀಕು ಶನಿವಾರ, ನನ್ನ ಸರದಿಯ ಊಟದ ದಿನವೇ, ನಮ್ಮ ಮನೆಯಲ್ಲಿ ಎಂದು ತೀರ್ಮಾನವಾಯಿತು.

"ಗಮನಿಸಿ," ಎಂದರು ನಿರ್ದೇಶಕರು. "ನಾನು ಊಟಕ್ಕೆ ಬರುತ್ತಿಲ್ಲ, ಪರಿಶೀಲನೆಗೆ ಬರುತ್ತಿದ್ದೇನೆ. ಆದರೆ ಮಧ್ಯಾಹ್ನ ಏನೂ ತಿಂದಿರುವುದಿಲ್ಲ."

ಶನಿವಾರ ಸಂಜೆ ಆರೂವರೆಗೆ ನಮ್ಮ ಅಡುಗೆಮನೆಯಲ್ಲಿ ಇದ್ದ ಪರಿಸ್ಥಿತಿ ಇದು: ಒಲೆಯ ಮೇಲೆ ಆಲೂಗಡ್ಡೆ ಸೂಪಿನ ಪಾತ್ರೆ; ಒಲೆಯ ಪಕ್ಕ, ಉಗ್ರಾಣದ ಪೆಟ್ಟಿಗೆಯಿಂದ ಹೊರಬಂದು ಚಹಾ ತುಂಬಿಕೊಂಡು ಕೂತ ಹಸಿರು ಅಂಚಿನ ಕಪ್; ಬಾಗಿಲಲ್ಲಿ ಟಿಪ್ಪಣಿ ಪುಸ್ತಕ ಹಿಡಿದ ನಿರ್ದೇಶಕರು. ದಂತವೈದ್ಯನಿಗೂ ಮೇಷ್ಟ್ರಿಗೂ ಎಲ್ಲ ವಿಷಯ ಮೊದಲೇ ಹೇಳಿ, "ಹೇಗಿದ್ದರೂ ಚೆನ್ನಾಗಿದೆ ಅನ್ನಬೇಕು, ಅರ್ಥವಾಯಿತಾ?" ಎಂದು ಪ್ರಮಾಣ ಮಾಡಿಸಿದ್ದೆ.

"ಮಿಲಿಲೀಟರ್," ಎಂದ ದಂತವೈದ್ಯ. ಸಭೆಯ ದಿನದಿಂದ ನನ್ನನ್ನು ಅವನು ಹಾಗೇ ಕರೆಯುವುದು. "ನಿನ್ನ ಕೇಕ್ ತಿಂದು ಬದುಕಿದವರು ಕಣೋ ನಾವು. ನಮಗೆ ಯಾವ ಸೂಪಿನ ಭಯ?"

ಲೇಖಕಿ ಒಲೆಯ ಮುಂದೆ ನಿಂತರು. ಈರುಳ್ಳಿ ಹಾಕಿದರು, ಆಲೂಗಡ್ಡೆ ಹಾಕಿದರು, ನೀರಿಗಾಗಿ ಅವರ ಬಲಗೈ ತಾನಾಗಿ ಕಪ್ಪಿನ ಕಡೆಗೆ ಹೊರಟಿತು. ನನ್ನ ಹೆಂಡತಿ ಕೆಮ್ಮಿದಳು. ಕೈ ದಿಕ್ಕು ಬದಲಿಸಿ ಕೊಡ ಹಿಡಿದು ನೇರವಾಗಿ ಸುರಿಯಿತು. ನಿರ್ದೇಶಕರು ಏನೋ ಬರೆದುಕೊಂಡರು.

ಆಮೇಲೆ ಉಪ್ಪು. ಲೇಖಕಿ ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಅದನ್ನೇ ದಿಟ್ಟಿಸುತ್ತ ನಿಂತರು.

"ಏನಾದರೂ ಯೋಚಿಸುತ್ತಿದ್ದೀರಾ?" ಎಂದರು ನಿರ್ದೇಶಕರು.

"ಯೋಚನೆಯಾ? ಉಪ್ಪಿಗೆ ಯಾರು ಯೋಚಿಸ್ತಾರೆ!" ಎಂದು ಲೇಖಕಿ ಹಿಡಿಯನ್ನು ಸುರಿದರು. ನಿರಾತಂಕ ಸಾಲದೇನೋ ಎನಿಸಿ ಇನ್ನೊಂದು ಹಿಡಿ ಎಸೆದರು.

"ಅಂದಾಜಿನ ಮೇಲೇ ಹಾಕುವುದೋ?"

"ಅಂದಾಜೂ ಇಲ್ಲ, ಏನೂ ಇಲ್ಲ!" ಮೂರನೆಯ ಹಿಡಿ ಬಿತ್ತು. ಚಹಾದ ಒಂದು ಗುಟುಕು ಕುಡಿದರು. ನಿರ್ದೇಶಕರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಪಾತ್ರೆಯ ಕಡೆ ಬಗ್ಗಿದಾಗ, ಲೇಖಕಿ ಬೆನ್ನು ತಿರುಗಿಸಿಕೊಂಡೇ ಹೆಗಲ ಮೇಲಿಂದ ನಾಲ್ಕನೆಯ ಹಿಡಿ ಹಾರಿಸಿದರು. ಒಂದು ಹರಳೂ ಹೊರಗೆ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು.

ಏಳೂ ಇಪ್ಪತ್ತಕ್ಕೆ ಆರು ಜನ ಮೇಜಿಗೆ ಕೂತೆವು. ಬಟ್ಟಲುಗಳಲ್ಲಿ ಸೂಪು ನೋಡಲು ಸುಂದರವಾಗಿತ್ತು. ಮೊದಲ ಚಮಚ ಎಲ್ಲರೂ ಒಟ್ಟಿಗೆ ಬಾಯಿಗಿಟ್ಟೆವು.

ಆರೂ ಚಮಚ ಒಟ್ಟಿಗೇ ಕೆಳಗಿಳಿದವು.

ಮೊದಲು ಬಾಯಿ ಬಿಟ್ಟವನು ದಂತವೈದ್ಯ. ಅವನ ಮುಖದಲ್ಲಿ, ರೋಗಿಯ ಬಾಯಲ್ಲಿ ಏನೇ ಕಂಡರೂ ತೋರಿಸಿಕೊಳ್ಳದ ವೃತ್ತಿಯ ಶಾಂತಿಯಿತ್ತು. "ಒಸಡಿಗೆ... ಬಹಳ ಒಳ್ಳೆಯದು. ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸಿ ಅಂತ ನಾನೇ ಬರೆದುಕೊಡ್ತೀನಿ... ಇಂಥದ್ದನ್ನ."

ಮೇಷ್ಟ್ರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ನಿರ್ದೇಶಕರು ಅವರ ಕಡೆ ತಿರುಗಿದರು.

"ತಾಯಿ ನೆನಪಾದಳು ಸಾರ್," ಎಂದರು ಮೇಷ್ಟ್ರು. ಅವರ ತಾಯಿ ಮಹಡಿ ಮೇಲಿನ ಮನೆಯಲ್ಲಿ ಆರೋಗ್ಯವಾಗಿದ್ದಾರೆ. "ಇನ್ನೊಂದು ಸೌಟು ಹಾಕಿ," ಎಂದು ಬೇರೆ ಸೇರಿಸಿದರು. ಗೆಳೆತನ ಎಂದರೇನೆಂದು ಆ ಕ್ಷಣ ನನಗೆ ತಿಳಿಯಿತು.

ನನ್ನ ಹೆಂಡತಿ ಸದ್ದಿಲ್ಲದೆ ನೀರಿನ ಜಗ್ಗನ್ನು ಮೇಜಿನ ನಡುವೆ ಇಟ್ಟಳು. ಐದು ಕೈ ಒಟ್ಟಿಗೆ ಹೋದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಇದೇ ಮೇಜಿನಲ್ಲಿ ಕೂತು ಹೇಳಿದ ಹಾಗಿತ್ತು.

ನಿರ್ದೇಶಕರು ಮಾತ್ರ ನೀರು ಮುಟ್ಟಲಿಲ್ಲ. ಎರಡನೆಯ ಚಮಚ ತೆಗೆದುಕೊಂಡರು. ಮೂರನೆಯದು ಬಾಯಿಯ ಹತ್ತಿರ ಹೋಗಿ, ಕೊಂಚ ಹೊತ್ತು ಅಲ್ಲೇ ನಿಂತು, ಬಟ್ಟಲಿಗೆ ವಾಪಸು ಬಂತು. ಅವರು ಲೇಖಕಿಯನ್ನು ನೇರವಾಗಿ ನೋಡಿದರು.

"ಮೇಡಂ, ಒಂದು ಪ್ರಶ್ನೆ. ನಿಮ್ಮ ಪುಸ್ತಕದಲ್ಲಿರುವ ಸೂಪೂ ಇದೇ ತಾನೆ?"

ಬರೆದ ಪುಸ್ತಕದ ಮಾನ ಎದ್ದು ನಿಂತಿತು. ಲೇಖಕಿ ಕೆರಳಿದರು. "ಏನು ಸ್ವಾಮಿ ಹೀಗಂತೀರಿ? ನನ್ನ ಪುಸ್ತಕದ ಸೂಪು ಮಾಡಬೇಕಾದರೆ ಮೊದಲು ಆ ಕಪ್..."

ನಾನು ನೀರಿನ ಜಗ್ಗನ್ನು ಮೊಣಕೈಯಿಂದ ಉರುಳಿಸಿದೆ. ನೀರು ಪೂರ್ತಿ ದಂತವೈದ್ಯನ ತೊಡೆಯ ಮೇಲೆ ಹೋಯಿತು. ಅವನು ಕೂಗಿದ, ಮೇಷ್ಟ್ರು ಎದ್ದರು, ನನ್ನ ಹೆಂಡತಿ ಬಟ್ಟೆ ತಂದಳು. ಗದ್ದಲ ಇಳಿದಾಗ ಲೇಖಕಿ ಉಸಿರು ಎಳೆದುಕೊಂಡು ಮಾತು ಮುಗಿಸಿದರು: "...ಆ ಕಪ್ಪಿನಲ್ಲಿ ಚಹಾ ಕುಡಿದು ಶುರುಮಾಡಬೇಕು. ಅಷ್ಟೆ."

ನಿರ್ದೇಶಕರು ಟಿಪ್ಪಣಿ ಪುಸ್ತಕ ತೆರೆದು, ನಿಧಾನವಾಗಿ ಬರೆದು, ಎದ್ದು ನಿಂತು ಓದಿದರು:

"ವಸ್ತು ನಂಬರ್ ೨೧೨. ವಾಸ್ತವ ಬಳಕೆಯನ್ನು ಖುದ್ದು ಪರಿಶೀಲಿಸಲಾಯಿತು. ತಯಾರಾದ ಪದಾರ್ಥವನ್ನು ಸೇವಿಸಲಾಯಿತು. ಸದರಿ ಪದಾರ್ಥದಲ್ಲಿ ಈ ಕಪ್ ಆಗಲಿ, ಮನುಷ್ಯರಿಗೆ ತಿಳಿದಿರುವ ಬೇರೆ ಯಾವುದೇ ಅಳತೆಯಾಗಲಿ ಬಳಕೆಯಾಗಿಲ್ಲ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಮನದಟ್ಟಾಗಿದೆ. ವಸ್ತುವು ಕುಡಿಯುವ ಪಾತ್ರೆ. ಬಿಡುಗಡೆ ಮಾಡಲಾಗಿದೆ."

ಸಹಿ ಹಾಕಿ, ಬ್ರೆಡ್ಡಿನ ಎರಡು ತುಂಡನ್ನು ಕೈಯಲ್ಲಿ ಹಿಡಿದುಕೊಂಡು, ಅವರು ಹೊರಟುಹೋದರು.

ಲೇಖಕಿ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಉಳಿದ ಚಹಾ ಕುಡಿದು, ತೊಳೆದು, ಸೆರಗಿಲ್ಲದ ಉಡುಪಾದ್ದರಿಂದ ಕುತ್ತಿಗೆಗೆ ಸುತ್ತಿದ್ದ ದುಪಟ್ಟಾ ತೆಗೆದು ಅದರಿಂದ ಒರೆಸಿದರು. ಹಿಡಿಯ ಬಳಿಯ ಬಿರುಕನ್ನು ಹೆಬ್ಬೆರಳಿನಿಂದ ಸವರಿ, ಅದು ಬೆಳೆದಿಲ್ಲವೆಂದು ನೋಡಿಕೊಂಡರು. ನನಗೂ ಕಣ್ಣು ಒದ್ದೆಯಾಯಿತು; ಸೂಪಿನದ್ದಾಗಿರಬಹುದು.

"ಮೇಡಂ," ಎಂದೆ, "ಈಗಲಾದರೂ ಒಂದೇ ಒಂದು ನಿಮಿಷ ಕೊಟ್ಟರೆ, ಎಷ್ಟು ಮಿಲಿಲೀಟರ್ ಅಂತ..."

"ಮುಟ್ಟಿ ನೋಡಿ!" ಎಂದರು ಲೇಖಕಿ. ಮುಟ್ಟಲು ಕೊಟ್ಟ ಅನುಮತಿಯ ದನಿ ಅದಾಗಿರಲಿಲ್ಲ. ನನ್ನ ಹೆಂಡತಿ ಅವರನ್ನು ಗೇಟಿನವರೆಗೆ ಬಿಟ್ಟುಬಂದಳು. ಆ ಕಪ್ಪಿನ ಗಾತ್ರ ನನಗೆ ಇಂದಿಗೂ ಗೊತ್ತಿಲ್ಲ. ಕುಡಿಯುವ ಪಾತ್ರೆಯನ್ನು ಅಳೆಯುವ ಅ‍ಧಿಕಾರ ನಮ್ಮ ಪ್ರಯೋಗಾಲಯಕ್ಕೆ ಇಲ್ಲವಂತೆ. ಸೋಮವಾರ ಗುಮಾಸ್ತರು ನೆನಪಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಬಾಗಿಲು ಮುಚ್ಚಿದ ಕೂಡಲೇ, ಒದ್ದೆ ಪ್ಯಾಂಟಿನ ದಂತವೈದ್ಯ ನನ್ನ ಕಡೆ ತಿರುಗಿದ.

"ಇದು ಮೂರನೇದು ಕಣೋ. ಕೇಕು, ಪಾಯಸ, ಈಗ ಸೂಪು. ನಿನಗೆ ಇನ್ನು ಸರದಿ ಇಲ್ಲ. ಪಾತ್ರೆ ತೊಳೆಯೋ ಕೆಲಸ ನಿಂದು."

"ಸೂಪು ಮಾಡಿದ್ದು ನಾನಲ್ಲ! ಎಲ್ಲರ ಕಣ್ಣೆದುರೇ ಅವರು ಮಾಡಿದರು!"

"ಮನೆ ಯಾರದ್ದು?" ಎಂದರು ಮೇಷ್ಟ್ರು, ಆರನೆಯ ಗ್ಲಾಸ್ ನೀರು ಮುಗಿಸುತ್ತ. "ಸರದಿ ಯಾರದ್ದು? ಉಪ್ಪು ಯಾರದ್ದು? ಅಷ್ಟೇನೂ ಉಪ್ಪಿರಲಿಲ್ಲ ಅಂತ ನಿನಗೆ ಅನ್ನಿಸಿದರೆ ಹೇಳಿಬಿಡು."

"ಉಪ್ಪಿತ್ತು! ಉಪ್ಪಿತ್ತು ಅಂತಲೇ ನಾನೂ ಹೇಳ್ತಿರೋದು! ಮನುಷ್ಯಮಾತ್ರದವರು ಹಾಕುವ ಉಪ್ಪಲ್ಲ ಅದು, ಅದರಲ್ಲಿ ನನ್ನ ಪಾಲಿಲ್ಲ!"

"ಎಷ್ಟಿತ್ತು?" ಎಂದಳು ನನ್ನ ಹೆಂಡತಿ ಮೇಜು ಒರೆಸುತ್ತ. "ಸುಮ್ಮನೆ ಕೂಗಬೇಡಿ. ಎಷ್ಟಿತ್ತು ಅಂತ ಹೇಳಿ."

ಅವಳು ವ್ಯಂಗ್ಯಕ್ಕೆ ಹೇಳಿದ್ದಿರಬಹುದು. ಪ್ರಶ್ನೆ ಮಾತ್ರ ಸರಿಯಾಗಿತ್ತು. ಉಳಿದ ಸೂಪನ್ನು ಮುಚ್ಚಳದ ಶೀಷೆಗೆ ತುಂಬಿಸಿದೆ. ಸೋಮವಾರ ನಮ್ಮ ಮೇಲಿನ ಮಹಡಿಯ ನೀರು ಪರೀಕ್ಷೆಯ ವಿಭಾಗಕ್ಕೆ ಒಯ್ದೆ. ರಸೀದಿ ಬರೆಯಲಿಲ್ಲ. ಸೋಸಿ, ನೀರು ಬೆರೆಸಿ ನೂರು ಪಟ್ಟು ತೆಳುಮಾಡಿ, ಸಿಲ್ವರ್ ನೈಟ್ರೇಟಿನಿಂದ ಮೂರು ಸಲ ಪರೀಕ್ಷಿಸಿ ಸರಾಸರಿ ತೆಗೆದೆ. ಫಲಿತಾಂಶವನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ದಂತವೈದ್ಯನಿಗೆ, ಒಂದನ್ನು ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಓದುಗರೇ ನ್ಯಾಯ ಹೇಳಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ಮೂವತ್ತೈದು ಗ್ರಾಂ ಉಪ್ಪಿರುತ್ತದೆ. ಆ ಸೂಪಿನಲ್ಲಿ ಇದ್ದದ್ದು ಮೂವತ್ತೆಂಟು ಪಾಯಿಂಟ್ ಆರು ಗ್ರಾಂ.